ಹುಡೇವಿನ ಬುಡದ ಕಂಬಗಳು

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ಹೊರಳಿ, ಜಾಲಿಗಿಡಗಳ ನಡುವೆ ಒಂದಿಷ್ಟು ದೂರ ಹೋದರೆ ಹುಡೇದಹಾಳ ಸಿಗುತ್ತದೆ. ಮೊದಲೆಲ್ಲ ಊರಿಗಿಂತ ಮುಂಚೆ ಹುಡೇವೇ ಕಣ್ಣಿಗೆ ಬೀಳುತ್ತಿತ್ತು. ಹುಡೇವು ಅಂದರೆ ಊರ ಕಾವಲಿಗೆಂದು ಹಿಂದಿನವರು ಕಟ್ಟಿದ ದುಂಡನೆಯ ಬುರುಜು. ಹೊರಗೆ ಕಲ್ಲು, ಒಳಗೆ ಗಟ್ಟಿಯಾಗಿ ತುಳಿದು ತುಂಬಿದ ಮಣ್ಣು, ನೆತ್ತಿಯ ಸುತ್ತ ಬಂದೂಕಿನ ನಳಿಗೆ ಹೊರಚಾಚುವಷ್ಟು ಕಿಂಡಿಗಳು. ಎರಡು ಹೊಳೆಗಳ ನಡುವಿನ ಈ ಸೀಮೆಗಾಗಿ ರಾಜರೂ ಸುಲ್ತಾನರೂ ಬಡಿದಾಡುವಾಗ, ದಂಡು ಯಾರದೇ ಇರಲಿ, ಮೊದಲು ಲೂಟಿಯಾಗುತ್ತಿದ್ದದ್ದು ಬಡವರು ನೆಲದೊಳಗೆ ತೋಡಿಟ್ಟ ಹಗೇವಿನ ಜೋಳ. ಅದಕ್ಕೇ ಇಂಥ ಸಣ್ಣ ಊರುಗಳೂ ಹೊಟ್ಟೆ ಬಟ್ಟೆ ಕಟ್ಟಿ ಹುಡೇವು ಕಟ್ಟಿಕೊಂಡವು.

ಆ ಹುಡೇವಿನ ಕಥೆ ಹೇಳುವುದರಲ್ಲಿ ಬೀರಲಿಂಗನನ್ನು ಮೀರಿಸುವವರು ಇರಲಿಲ್ಲ. ಕುರಿ ಕಾಯುವ ಮನುಷ್ಯ. ಕುರಿ ಮೇಯುತ್ತವೆ, ತಾನು ಕಟ್ಟೆಯ ಮೇಲೆ ಕೂತು ಕಥೆ ಮೇಯಿಸುತ್ತಾನೆ ಎಂದು ಊರವರು ನಗುತ್ತಿದ್ದರು. ಬೇರೆ ಊರಿನ ಬೀಗರು ಬರಲಿ, ಮತ ಕೇಳುವವರು ಬರಲಿ, ಅವರ ಕೈಗೆ ಚಹಾದ ಕಪ್ಪು ಬರುವ ಮೊದಲೇ ಇವನ ದಂಡು ಊರ ಮುಂದೆ ಬಂದು ಇಳಿದಿರುತ್ತಿತ್ತು.

“ಮುದಗಲ್ಲಿನ ಕೋಟಿ ಸುಲ್ತಾನ್ರದು ರೀ. ಅಲ್ಲಿ ನೀರಿನ ಕಂದಕ ಐತಿ, ತೋಪು ಅದಾವ. ನಮ್ಮದು ಬಡವರ ಕೋಟಿ. ನಮ್ಮ ಮಂದಿ ಕೈಯಾಗ ಇದ್ದದ್ದು ಕವಣಿಕಲ್ಲು, ಕುದಿಯೋ ಅಂಬಲಿ, ಅಷ್ಟ.”

ಅಲ್ಲಿಂದ ಕಥೆ ಓಡುತ್ತಿತ್ತು. ದಂಡಿನವರು ಏಣಿ ಹಚ್ಚಿದರು. ಮೇಲಿದ್ದವರು ಕವೆಗೋಲಿನಿಂದ ಏಣಿಯ ತಲೆ ಹಿಡಿದು ಹಿಂದಕ್ಕೆ ನೂಕಿದರು. ಹತ್ತಿ ಬಂದವರ ಮೇಲೆ ಹೆಂಗಸರು ಖಾರ ಕಲಸಿದ ಬಿಸಿ ಅಂಬಲಿ ಸುರಿದರು. ಊರಬಾಗಿಲು ಒಡೆಯಲು ಆನೆ ಬಿಟ್ಟರು, ಬಾಗಿಲಿಗೆ ಬಡಿದ ಕಬ್ಬಿಣದ ಮುಳ್ಳು ಹಣೆಗೆ ನಾಟಿ ಆನೆ ತನ್ನ ದಂಡನ್ನೇ ತುಳಿಯಿತು. ಕಡೆಗೆ ವೈರಿಗಳು ಹಸಿ ಎಮ್ಮೆಚರ್ಮ ಹೊದಿಸಿದ ಚಪ್ಪರದ ಬಂಡಿಯನ್ನು ಹುಡೇವಿನ ಬುಡಕ್ಕೆ ತಳ್ಳಿಕೊಂಡು ಬಂದು, ಅದರ ಅಡಿಯಲ್ಲಿ ಕೂತು ಬುಡ ಕೊರೆಯತೊಡಗಿದರು. ಮೇಲಿಂದ ಬಿದ್ದ ಕಲ್ಲು, ಅಂಬಲಿ ಎಲ್ಲ ಚರ್ಮದ ಮೇಲೆ ಜಾರಿ ಹೋದವು. ಎಲ್ಲಿ ಕೊರೆಯುತ್ತಿದ್ದಾರೆ ಎಂದು ತಿಳಿಯಲು ಊರವರು ನೆಲದ ಮೇಲೆ ಹಲಗೆವಾದ್ಯ ಇಟ್ಟು ಅದರ ಮೇಲೆ ಜೋಳದ ಕಾಳು ಹರಡಿದರು. ಕಾಳು ಕುಣಿದವು. ತಿಳಿಯುವ ಹೊತ್ತಿಗೆ ತಡವಾಗಿತ್ತು. ಕೊರೆದಲ್ಲೆಲ್ಲ ಮರದ ಕಂಬ ಕೊಟ್ಟು, ಕಂಬಗಳ ಸುತ್ತ ಒಣಮುಳ್ಳು ತುಂಬಿ, ಎಣ್ಣೆ ಸುರಿದು, ಬೆಂಕಿ ಇಟ್ಟು ವೈರಿಗಳು ಹೊರಗೆ ಓಡಿದರು. ಪಡುವಣ ಮಗ್ಗಲು ಪೂರ್ತಿ ಕುಸಿಯಿತು.

“ಬೆಂಕಿ ರೀ, ಬೆಂಕಿ. ಕಲ್ಲಿಗೆ ಬಗ್ಗಲಿಲ್ಲ, ಆನಿಗೆ ಬಗ್ಗಲಿಲ್ಲ. ನಮ್ಮ ಹುಡೇವು ಬೆಂಕಿಗೆ ಬಗ್ಗಿತು,” ಎಂದು ಬೀರಲಿಂಗ ಮುಗಿಸುತ್ತಿದ್ದ. ಆ ಮಾತು ಹೇಳುವಾಗ ಅವನ ಕಣ್ಣು ಹೊಳೆಯುತ್ತಿದ್ದವು. ಅವನ ಅಪ್ಪನೂ ಹಾಗೇ ಮುಗಿಸುತ್ತಿದ್ದನಂತೆ.

ಅವನ ಹೆಂಡತಿ ಗ್ಯಾನಮ್ಮ ಈ ಕಥೆಯನ್ನು ರೊಟ್ಟಿ ಬಡಿಯುತ್ತ, ಕುರಿಹಟ್ಟಿ ಕಸ ಹೊಡೆಯುತ್ತ ಎಷ್ಟು ಸಲ ಕೇಳಿದ್ದಳೋ. ಅವಳು ಒಮ್ಮೆಯೂ ನಡುವೆ ಬಾಯಿ ಹಾಕಿದವಳಲ್ಲ. ಕಥೆಯಲ್ಲಿ ಕಂಬದ ಸುದ್ದಿ ಒಂದೇ ಮಾತಿನಲ್ಲಿ ಮುಗಿದು ಹೋಗುತ್ತಿತ್ತು. ಅವಳ ಬದುಕು ಮಾತ್ರ ಆ ಕಂಬಗಳ ಹತ್ತಿರವೇ ಇತ್ತು.

ಯಾಕೆಂದರೆ ಕುಸಿದ ಪಡುವಣ ಮಗ್ಗಲನ್ನು ಹಿಂದಿನವರು ಮತ್ತೆ ಕಟ್ಟಿದ್ದು ಕಲ್ಲಿನಿಂದಲ್ಲ. ಸುಟ್ಟು ಹೋದ ಊರಿನ ಬೂದಿ, ಒಡೆದ ಗಡಿಗೆ, ಹಳೇ ಗೋಡೆಯ ಮಣ್ಣು, ಎಲ್ಲ ಕಲಸಿ ತುಂಬಿದ್ದರು. ಆ ಬೆಳ್ಳನೆಯ ಹಾಳುಮಣ್ಣು ಮಣ್ಣಿನ ಸಪಾಟು ಚಾವಣಿಯ ಮಾಳಿಗೆಮನೆಗೆ ಹೇಳಿ ಮಾಡಿಸಿದ್ದು. ಅದನ್ನು ಮಾಳಿಗೆಯ ಮೇಲೆ ಹರಡಿ ತುಳಿದರೆ ಎಂಥ ಮಳೆಗೂ ನೀರು ಒಳಗೆ ಇಳಿಯುವುದಿಲ್ಲ. ತಗಡು, ಸಿಮೆಂಟು ಬಂದರೂ ಊರಿನ ಅರ್ಧ ಮನೆಗಳು ಇನ್ನೂ ಮಣ್ಣಿನ ಮಾಳಿಗೆಯವೇ. ಕಾಮಣ್ಣನನ್ನು ಸುಟ್ಟ ಮೇಲೆ, ಯುಗಾದಿಯೊಳಗೆ, ಹೆಂಗಸರು ಬಿದಿರಿನ ಪುಟ್ಟಿ ಹೊತ್ತು ಹುಡೇವಿನ ಬುಡಕ್ಕೆ ಹೋಗುತ್ತಿದ್ದರು. ಅತ್ತೆಯರ ಅತ್ತೆಯರ ಕಾಲದಿಂದ ತೋಡಿ ತೋಡಿ ಅಲ್ಲೊಂದು ಗವಿಯೇ ಆಗಿತ್ತು. ಗಂಡಸರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಹುಡೇವು ಕಾದ ಕಥೆ ಗಂಡಸರದು, ಹುಡೇವು ಕೊರೆಯುವ ಕೆಲಸ ಹೆಂಗಸರದು ಎಂದು ಯಾರೋ ಹಂಚಿಕೊಟ್ಟ ಹಾಗಿತ್ತು. ವೈರಿಗಳು ಕೊರೆದಂತೆಯೇ ಇವರೂ ಕೊರೆಯುತ್ತಿದ್ದಾರೆ ಎಂದು ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬನಿಗಾದರೂ ಹೊಳೆಯಬಾರದೇ? ಹೊಳೆಯಲಿಲ್ಲ.

ಗ್ಯಾನಮ್ಮನಿಗೆ ಹೊಳೆದಿತ್ತು, ಅದನ್ನು ಅವಳು ಕೆಲಸದಲ್ಲೇ ಇಟ್ಟುಕೊಂಡಿದ್ದಳು. ಗವಿಯಲ್ಲಿ ಕಂಬ ನಿಲ್ಲಿಸುವುದನ್ನು ಅವಳ ಅತ್ತೆ ಕಲಿಸಿದ್ದಳು. ಜಾಲಿಯ ಗಟ್ಟಿ ತುಂಡುಗಳನ್ನು ತಂದು, ಅಡಿಯಲ್ಲಿ ಹಾಸುಗಲ್ಲು ಕೊಟ್ಟು, ತಲೆಗೆ ಹಲಗೆ ಕೊಟ್ಟು, ಬೆಣೆ ಬಡಿದು ಬಿಗಿ ಮಾಡಬೇಕು. ಆಮೇಲೆ ಹಾರೆಯ ಹಿಡಿಯಿಂದ ಮೇಲೆ ತಟ್ಟಿ ಸಪ್ಪಳ ಕೇಳಬೇಕು. ಪುಡಿಮಣ್ಣು ಉದುರಿದರೆ ಯಾರೂ ಒಳಗೆ ಹೋಗುವಂತಿಲ್ಲ. ಉದುರದಿದ್ದರೆ ಒಬ್ಬೊಬ್ಬರೇ. ಅವಳು ಗವಿಯ ಬಾಯಲ್ಲಿ ನಿಂತು ಒಳಗೆ ಹೋದವಳು ಹೊರಗೆ ಬರುವ ತನಕ ಅವಳನ್ನು ಮಾತಾಡಿಸುತ್ತಲೇ ಇರುತ್ತಿದ್ದಳು. “ಒಳಗ ಹೋದವರ ಜೀವ ನಿನ್ನ ಕೊಳ್ಳಾಗ ಐತಿ,” ಎಂದಿದ್ದಳು ಅತ್ತೆ. ಗ್ಯಾನಮ್ಮನ ಕಾಲದಲ್ಲಿ ಗವಿ ಒಬ್ಬರಿಗೂ ತರಚು ಗಾಯ ಮಾಡಿರಲಿಲ್ಲ. ಅದೊಂದೇ ಅವಳ ಹೆಮ್ಮೆ. ಅದನ್ನು ಅವಳು ಯಾರ ಮುಂದೆಯೂ ಆಡಿಕೊಳ್ಳುತ್ತಿರಲಿಲ್ಲ.

ಆಡಿಕೊಳ್ಳದ ಇನ್ನೊಂದು ಮಾತೂ ಇತ್ತು. ಊರ ಹೆಂಗಸರನ್ನೆಲ್ಲ ಗವಿಯೊಳಗೆ ಬಿಡುತ್ತಿದ್ದವಳು ಮಗಳು ನಾಗವೇಣಿಯನ್ನು ಮಾತ್ರ ಬಿಡುತ್ತಿರಲಿಲ್ಲ. ನಾಗವೇಣಿಯನ್ನು ಕೊಟ್ಟದ್ದು ಊರಲ್ಲೇ, ಹಿಂದಿನ ಓಣಿಯ ಹನುಮಂತರಾಯನಿಗೆ. ಅವನು ಭತ್ತ ಕೊಯ್ಯುವ ಮಷೀನು ಓಡಿಸುತ್ತ ಸುಗ್ಗಿಯಲ್ಲಿ ಸಿಂಧನೂರು ಕಡೆಯೇ ಇರುತ್ತಿದ್ದ. ನಾಗವೇಣಿ ಅವಸರದವಳು. ಹಾಲು ಉಕ್ಕುವ ತನಕ ಒಲೆಯ ಮುಂದೆ ನಿಲ್ಲಲಾರಳು. ಅಂಥವಳು ಗವಿಯಲ್ಲಿ ಕೈ ತಡೆದಾಳೆಯೇ? ಮಗಳ ಮಾಳಿಗೆಗೆ ಮಣ್ಣನ್ನು ತಾಯಿಯೇ ಹೊತ್ತು ಹಾಕುತ್ತಿದ್ದಳು. ಹೋದ ವರ್ಷ ಗ್ಯಾನಮ್ಮ ಜ್ವರ ಬಂದು ಮಲಗಿದ್ದರಿಂದ ಆ ಮನೆಗೆ ಮಣ್ಣು ಬೀಳಲಿಲ್ಲ. ಮಳೆಗಾಲ ಪೂರ್ತಿ ಮನೆ ಸೋರಿತು. ಚಾವಣಿಯ ಒಂದು ಜಂತಿ ಕೊಳೆಯಿತು, ಸಣ್ಣ ಮಗುವಿಗೆ ಎದೆಯಲ್ಲಿ ಕಫ ಕೂತು ಮಸ್ಕಿಯ ಆಸ್ಪತ್ರೆಗೆ ಅಲೆಯುವಂತಾಯಿತು.

ಈ ವರ್ಷ ಹೋಳಿಯ ಹೊತ್ತಿಗೆ ಗ್ಯಾನಮ್ಮ ಊರಲ್ಲಿರಲಿಲ್ಲ. ಹೆಂಗಸರ ಗುಂಪಿನ ಜೊತೆ ಟೆಂಪೋ ಹತ್ತಿ ದಢೇಸುಗೂರು ಕಡೆ ಭತ್ತದ ಗದ್ದೆಯಲ್ಲಿ ಕಳೆ ತೆಗೆಯಲು ಹೋಗಿದ್ದಳು. ತಿರುಗಿ ಬಂದಾಗ ಓಣಿಯ ಗೋಡೆಗಳ ಮೇಲೆ ಬಣ್ಣ ಇನ್ನೂ ಹಸಿಯಾಗಿತ್ತು. ನಾಗವೇಣಿ ತಾಯಿಯ ಕೈಚೀಲ ಇಸಿದುಕೊಳ್ಳುತ್ತ ನಗುತ್ತಲೇ ಹೇಳಿದಳು.

“ಯವ್ವಾ, ಈ ಸಲ ಕಾಮಣ್ಣ ಭಾರೀ ಉರದ. ಮುಗಿಲಿಗೆ ಹತ್ತಿತ್ತು ಬೆಂಕಿ. ಅಪ್ಪ ನಿನ್ನ ಗವಿ ಕಂಬಾನೂ ಕೊಟ್ಟ.”

ಗ್ಯಾನಮ್ಮ ಮನೆಯೊಳಗೆ ಕಾಲಿಡಲಿಲ್ಲ. ಹಾಗೇ ಹುಡೇವಿನ ಕಡೆ ನಡೆದಳು. ಗವಿಯೊಳಗೆ ಬಾಗಿ ಮೊಬೈಲಿನ ಬೆಳಕು ಬಿಟ್ಟರೆ, ಕಂಬ ನಿಂತಿದ್ದ ಜಾಗದಲ್ಲಿ ಹಾಸುಗಲ್ಲುಗಳು ಮಾತ್ರ ಉಳಿದಿದ್ದವು. ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು, ಈ ಗೋಡೆಯಿಂದ ಆ ಗೋಡೆಗೆ. ಅವಳು ಉಸಿರು ಹಿಡಿದು ನೋಡುತ್ತಿರುವಾಗಲೇ ಕತ್ತಿನ ಮೇಲೆ ಒಂದು ಚಿಟಿಕೆ ಮಣ್ಣು ಬಿತ್ತು. ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ ಹೊರಗೆ ಬಂದಳು.

ಬೀರಲಿಂಗ ಅಂಗಳದಲ್ಲಿ ಕುರಿಮರಿಗೆ ಹಾಲು ಕುಡಿಸುತ್ತಿದ್ದ.

“ಕಂಬ ಯಾಕ ಕೊಟ್ಟಿ?”

“ಮೈಲಾರಲಿಂಗಪ್ಪ ಹುಡುಗರ್ನ ಕಟಗೊಂಡು ಬಂದಿದ್ದ. ಕಾಮಣ್ಣನ ಕಟಗಿಗೆ ಇಲ್ಲ ಅನಬಾರದು. ಕೊಡದಿದ್ರ ಕದ್ದಾರ ಒಯ್ತಿದ್ರು. ಹಬ್ಬದಾಗ ಕದ್ದದ್ದು ಕಳವಲ್ಲ.”

“ಅವು ಒಲಿಗೆ ಹಾಕೋ ಕಟಗಿ ಅಲ್ಲ. ಹುಡೇವು ಹೊತ್ತಿದ್ದ ಕಂಬ.”

“ಹೊತ್ತಿದ್ರ ತಗದ ಕೂಡ್ಲೇ ಬೀಳಬೇಕಿತ್ತಲ್ಲ? ನಿಂತೈತಿ, ಹೋಗಿ ನೋಡು. ಅದು ಬೀಳೋದು ಬೆಂಕಿಗೆ. ಒಳಗ ಬೆಂಕಿ ಹಚ್ಚಬ್ಯಾಡ್ರಿ ಅಂತ ನಾನ ಮುಂದ ನಿಂತು ಹೇಳೀನಿ. ಎಲ್ಲಾ ಹೊರಗ ತಂದು, ಅಗಸಿ ಮುಂದ ಸುಟ್ಟಾರ.”

ಗ್ಯಾನಮ್ಮ ಗಂಡನ ಎದುರಿಗೆ ಬಂದು ನಿಂತಳು. ಹುಟ್ಟಿದಾಗಿನಿಂದ ಅದೇ ಕಥೆ ಹೇಳಿಕೊಂಡು ಬಂದ ಮನುಷ್ಯ, ಅದರ ತಿರುಳೇ ಇವನಿಗೆ ಗೊತ್ತಿಲ್ಲ.

“ನಿನ್ನ ಕಥಿಯಾಗ ಬೆಂಕಿ ಸುಟ್ಟದ್ದು ಏನನ್ನ? ಮಣ್ಣು ಸುಟ್ಟಿತೇನು, ಕಲ್ಲು ಸುಟ್ಟಿತೇನು? ಕಂಬಾನ ಸುಟ್ಟಿತು. ಕಂಬ ಹೋತು, ಹುಡೇವು ಬಿತ್ತು. ಸುಟ್ಟು ಹೋದ್ರೇನು, ಹೊತಗೊಂಡು ಹೋದ್ರೇನು?”

“ಕಥಿ ನನಗ ನಮ್ಮಪ್ಪ ಕಲಿಸ್ಯಾನ. ನೀ ಕಲಿಸಬ್ಯಾಡ,” ಎಂದು ಬೀರಲಿಂಗ ಮರಿಯನ್ನು ಕೆಳಗಿಟ್ಟು ಎದ್ದು ಹೋದ. ಹೆಂಡತಿ ಅಂದದ್ದಕ್ಕಲ್ಲ, ಮಗಳ ಮುಂದೆ ಅಂದದ್ದಕ್ಕೆ ಅವನಿಗೆ ಮುಖಭಂಗವಾಗಿತ್ತು.

ಗ್ಯಾನಮ್ಮ ಮಗಳ ಕೈ ಹಿಡಿದಳು. “ಹೊಸ ಕಂಬ ಕೊಡೋ ತನಕ ಆ ಕಡೆ ಹೋಗಬ್ಯಾಡ. ನನ್ನ ಆಣಿ ಐತಿ.”

“ಆತು ಬಿಡವ್ವಾ. ಮುಗಿಲು ಮಾತ್ರ ಕರ್ರಗ ಆಗೈತಿ ನೋಡು. ಅಡ್ಡಮಳಿ ಬಂದ್ರ ಕೂಸನ್ನ ಎಲ್ಲಿ ಮಲಗಿಸಲಿ?”

“ನಾಳಿಗೆ ಕಂಬ ಕೊಡ್ತೀನಿ. ನಾಡದ್ದು ನಿನ್ನ ಮಾಳಗಿ ಮೊದಲು.”

ಹೊತ್ತು ಮುಳುಗುವ ಮೊದಲು ಗ್ಯಾನಮ್ಮ ಗವಿಯ ಬಾಯಿಗೆ ಜಾಲಿಮುಳ್ಳಿನ ಕಂಟಿ ಒತ್ತಿ ಬಂದಳು. ಮನೆಮನೆಗೆ ಹೋಗಿ ಹೇಳಿದಳು. ಕೆಲವರು ಹೂಂಗುಟ್ಟಿದರು. ನಾಗವೇಣಿಯ ಪಕ್ಕದ ಮನೆಯ ಭಾರತಿಯ ಅತ್ತೆ, “ನಿಂತೈತಲ್ಲ ಗ್ಯಾನವ್ವ. ಇಷ್ಟು ವರ್ಷ ಸುಮ್ನ ನಮ್ಮನ್ನ ಹೆದರಿಸಿದ್ಯೇನು?” ಎಂದು ನಕ್ಕಳು. ಹುಡೇವು ಬೀಳದೆ ನಿಂತದ್ದೇ ದೊಡ್ಡ ಸುಳ್ಳಾಗಿತ್ತು. ಅದನ್ನು ಊರೆಲ್ಲ ನಂಬಿತ್ತು.

ಮರುದಿನ ಬೆಳಿಗ್ಗೆ ಅವಳು ಸೂಗಪ್ಪನ ಹೊಲಕ್ಕೆ ಹೋದಳು. ಸೂಗಪ್ಪ ಊರಿನ ದೊಡ್ಡ ಹಿಡುವಳಿದಾರ, ಹಣೆ ತುಂಬ ವಿಭೂತಿ, ಮಾತು ಕಡಿಮೆ. “ಸಾವ್ಕಾರ್ರ, ಬದುವಿನ ಜಾಲಿ ಬೇಕಾಗ್ಯಾವ್ರಿ,” ಎಂದದ್ದಕ್ಕೆ, “ಕಡಕೊಂಡು ಹೋಗವ್ವ, ನಮ್ಮ ದನದ ಮನಿ ಮ್ಯಾಲೂ ಅದ ಮಣ್ಣು ಬೀಳಬೇಕು,” ಎಂದು ಟ್ರ್ಯಾಕ್ಟರ್ ಕೂಡ ಕೊಟ್ಟ. ಅಲ್ಲಾಭಕ್ಷ್ ತನ್ನ ಮರ ಕೊಯ್ಯುವ ಮಷೀನು ತಂದ. ಗಟ್ಟಿ ಬೊಡ್ಡೆ ಆರಿಸಿ, ಗ್ಯಾನಮ್ಮ ಮೊಳ ಹಾಕಿ ತೋರಿಸಿದಲ್ಲಿ ಅವನು ಕೊಯ್ದ. ಕೆಲಸ ಅವಳೆಣಿಸಿದ್ದಕ್ಕಿಂತ ಬೇಗ ಸಾಗಿತು. ಅವಳ ಮನಸ್ಸು ಹಗುರಾಯಿತು. ನಡುವೆ ನಾಲ್ಕು ಹನಿ ಬಿದ್ದು, ಮಣ್ಣಿನ ವಾಸನೆ ಎದ್ದಿತು. ಹನಿ ನಿಂತವು.

ಮಷೀನಿನ ಸದ್ದು ನಿಂತ ಹೊತ್ತಿನಲ್ಲೇ ಆ ಸಪ್ಪಳ ಬಂತು. ದೊಡ್ಡದೇನಲ್ಲ, ಗಾಡಿಯಿಂದ ಜೋಳದ ಚೀಲ ಕೆಳಗೆ ಎತ್ತಿಹಾಕಿದಷ್ಟು. ತಲೆ ಎತ್ತಿ ನೋಡಿದರೆ ಜಾಲಿಗಿಡಗಳ ಮೇಲೆ ಬಿಳೀ ಧೂಳು ಏಳುತ್ತಿತ್ತು, ಧೂಳಿನ ಹಿಂದೆ ಹುಡೇವು ಇರಲಿಲ್ಲ.

ಗ್ಯಾನಮ್ಮನಿಗೆ ಮೊದಲು ಆದದ್ದು ಸಂತೋಷ. ಇದನ್ನು ಅವಳು ಆಮೇಲೆ ಭಾರತಿಯೊಬ್ಬಳಿಗೆ ಮಾತ್ರ ಹೇಳಿದಳು. ಬಿತ್ತು, ತಾನಾಗಿ ಬಿತ್ತು, ಗವಿಯ ಬಾಯಿಗೆ ಮುಳ್ಳಿದೆ, ಒಳಗೆ ಯಾರಿಲ್ಲ, ಇನ್ನು ಹೆದರುವ ಕೆಲಸವೇ ಇಲ್ಲ ಎಂದು ಅವಳು ಆ ಬದುವಿನ ಮೇಲೆ ನಿಂತು ದೇವರಿಗೆ ಕೈ ಮುಗಿದಳು. “ಪಾರಾದ್ವಿ ಅಲ್ಲಾಭಕ್ಷಣ್ಣ,” ಎಂದಳು.

ಊರ ಹತ್ತಿರ ಬಂದಾಗ ಹೆಂಗಸರು ಬಾಯಿ ಬಡಿದುಕೊಳ್ಳುವುದು ಕೇಳಿಸಿತು. ಅವಳು ಓಡುತ್ತಲೇ ಮುಖಗಳನ್ನು ನೋಡಿದಳು. ಭಾರತಿ ಇದ್ದಳು. ಭಾರತಿಯ ಅತ್ತೆ ಇದ್ದಳು. ಗವಿಯ ಬಾಯಿ ಇದ್ದ ಜಾಗದ ಪಕ್ಕದಲ್ಲಿ ಮುಳ್ಳಿನ ಕಂಟಿ ಯಾರೋ ಎತ್ತಿ ಬದಿಗಿಟ್ಟ ಹಾಗಿತ್ತು.

“ನಾಗವೇಣಿ ಎಲ್ಲಿ?”

ಭಾರತಿ ಮುಂದೆ ಬಂದು ಹೇಳಿದಳು. “ಹನಿ ಬಿದ್ವು, ಮನಿಯಾಗ ಕೂಸಿನ ಮ್ಯಾಲ ಸೋರಿತಂತ. ‘ಗವಿ ಬಾಯಿ ಮುಂದಿಂದು ಒಂದ ಪುಟ್ಟಿ ತರತೀನಿ, ಕೊಳತ ಜಂತಿ ಮ್ಯಾಲ ಹಾಕ್ತೀನಿ’ ಅಂದ್ಲು. ನಾ ಬ್ಯಾಡಂದೆ ಬೇ. ‘ಬೆಂಕಿ ಹಚ್ಚಿಲ್ಲ, ಏನಾಗಂಗಿಲ್ಲ ಅಂತ ಅಪ್ಪ ಹೇಳ್ಯಾನ’ ಅಂದ್ಲು.”

ಗಂಡಸರು ಅಂದು ಮೊದಲ ಸಲ ಹುಡೇವಿನ ಬುಡಕ್ಕೆ ಗುದ್ದಲಿ ಹಿಡಿದು ಬಂದರು. ಕಾಮಣ್ಣನಿಗೆ ಕಂಬ ಒಯ್ದಿದ್ದ ಮೈಲಾರಲಿಂಗಪ್ಪ ಉಗುರು ಕಿತ್ತು ರಕ್ತ ಸುರಿದರೂ ಕೈಯಿಂದಲೇ ಕೆದರುತ್ತಿದ್ದ. ಜೆಸಿಬಿ ತರಿಸಿದರು. ಅದರ ಹಲ್ಲು ಮಗಳಿಗೆ ತಾಗೀತೆಂದು ಗ್ಯಾನಮ್ಮ ಅದನ್ನು ಹತ್ತಿರ ಬಿಡಲಿಲ್ಲ, ಮೇಲಿನ ದೊಡ್ಡ ಕಲ್ಲುಗಳನ್ನಷ್ಟೇ ತೆಗೆಸಿದಳು. ಎಲ್ಲಿ ಅಗೆಯಬೇಕು, ಎಲ್ಲಿ ಕಾಲಿಡಬಾರದು ಎಂದು ಅವಳೇ ಹೇಳುತ್ತಿದ್ದಳು. ಅವಳ ದನಿ ನಡುಗಲಿಲ್ಲ. ಅದನ್ನು ಕಂಡು ಉಳಿದವರಿಗೆ ಹೆದರಿಕೆಯಾಯಿತು. ನಾಗವೇಣಿ ಸಿಕ್ಕಾಗ ಮಧ್ಯಾಹ್ನ ಇಳಿದಿತ್ತು. ಗವಿಯ ಬಾಯಿಯಿಂದ ಬಹಳ ದೂರವೇನೂ ಹೋಗಿರಲಿಲ್ಲ. ಹೊರಕ್ಕೆ ಮುಖ ಮಾಡಿ ಕೂತ ಹಾಗೇ ಇದ್ದಳು, ಪುಟ್ಟಿ ತುಂಬಿತ್ತು. ಗ್ಯಾನಮ್ಮ ಸೆರಗಿನಿಂದ ಮಗಳ ಬಾಯೊಳಗಿನ ಮಣ್ಣು ತೆಗೆದಳು, ಕಣ್ಣಿನ ಮೇಲಿನದು ತೆಗೆದಳು. ಇನ್ನೂ ತೆಗೆಯುತ್ತಲೇ ಇದ್ದಳು. ಭಾರತಿ ಅವಳ ಕೈ ಹಿಡಿದು ನಿಲ್ಲಿಸಬೇಕಾಯಿತು.

ಪೊಲೀಸರು ಬಂದರು, ಫೋಟೋ ತೆಗೆದರು, ದೇಹವನ್ನು ಆಸ್ಪತ್ರೆಗೆ ಒಯ್ದು ಮರುದಿನ ಕೊಟ್ಟರು. ಸಿಂಧನೂರು ಕಡೆಯಿಂದ ಬಂದ ಹನುಮಂತರಾಯ ಮಾವನ ಮುಖ ನೋಡಲಿಲ್ಲ. ಊರ ಹೊರಗಿನ ಹೊಲದಲ್ಲಿ ಮಣ್ಣು ಮಾಡಿದರು. ಬೀರಲಿಂಗ ಮಗಳಿಗೆ ಮೂರು ಹಿಡಿ ಮಣ್ಣು ಹಾಕಬೇಕಾದಾಗ ಹಾಕಲಾರದೆ ಕೂತುಬಿಟ್ಟ, ಅಳಿಯನ ತಮ್ಮ ಅವನ ಕೈಯಲ್ಲಿ ಮಣ್ಣು ಇಟ್ಟು ಮುಂದಕ್ಕೆ ಸರಿಸಿದ. ಗ್ಯಾನಮ್ಮ ಅಳಲಿಲ್ಲ. ಊರವರು ಅದನ್ನೂ ಆಡಿಕೊಂಡರು.

ಯುಗಾದಿ ಬಂದು ಹೋಯಿತು. ಹುಡೇವು ಬಿದ್ದ ಜಾಗದಲ್ಲಿ ಬೆಳ್ಳನೆಯ ಮಣ್ಣು ಬಯಲಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಅಗೆಯುವುದು ಬೇಕಿಲ್ಲ, ತುಂಬಿಕೊಂಡು ಹೋದರಾಯಿತು. ಯಾರೂ ಮುಟ್ಟಲಿಲ್ಲ. ಹೆಂಗಸರು ನೀರಿಗೆ ಹೋಗುವಾಗ ಆ ಕಡೆ ನೋಡಿ ಮುಖ ತಿರುಗಿಸುತ್ತಿದ್ದರು. ಮಳೆ ಹತ್ತಿರ ಬರುತ್ತಿತ್ತು. ಎಲ್ಲರ ಮಾಳಿಗೆಯೂ ಬಿರುಕು ಬಿಟ್ಟಿತ್ತು. ಕೇಳುವುದು ಹೇಗೆ, ಯಾರನ್ನು ಕೇಳುವುದು?

ಒಂದು ಬೆಳಿಗ್ಗೆ ಗ್ಯಾನಮ್ಮ ಸಿಂಬಿ, ಪುಟ್ಟಿ, ಸಲಿಕೆ ತೆಗೆದುಕೊಂಡು ಅಲ್ಲಿಗೆ ಹೋದಳು. ಪುಟ್ಟಿ ತುಂಬಿ, ಯಾರೂ ಎತ್ತಿ ಕೊಡುವವರಿಲ್ಲದೆ ತಾನೇ ಮೊಣಕಾಲಿಗೆ ಆನಿಸಿ ತಲೆಗೇರಿಸಿಕೊಂಡಳು. ದೂರದಲ್ಲಿ ನಿಂತು ನೋಡುತ್ತಿದ್ದ ಭಾರತಿ ಮತ್ತು ಅವಳ ಅತ್ತೆಗೆ ಅಂದಳು, “ಮಳಿ ಬಂತಂದ್ರ ಕೂಸುಗಳು ತೊಯ್ತಾವು. ಬಂದು ಒಯ್ರಿ. ಇನ್ನ ಕಂಬ ಬೇಕಾಗಿಲ್ಲ.”

ಭಾರತಿಯ ಅತ್ತೆ ಸೆರಗು ಬಾಯಿಗೊತ್ತಿಕೊಂಡು ಅಲ್ಲೇ ಕುಸಿದು ಕೂತಳು.

ಗ್ಯಾನಮ್ಮ ಮಣ್ಣು ಹೊತ್ತದ್ದು ನಾಗವೇಣಿಯ ಮನೆಗೆ. ಕೊಳೆತ ಜಂತಿಯನ್ನು ಹನುಮಂತರಾಯ ಬದಲಿಸಿ ಕೊಟ್ಟಿದ್ದ. ಏಣಿ ಹತ್ತಿ ಮಣ್ಣು ಸುರಿದಳು, ಹರಡಿದಳು, ನೀರು ಚಿಮುಕಿಸಿ ತುಳಿದಳು. ಮತ್ತೆ ಇಳಿದು ಹೋಗಿ ತಂದಳು. ಹೀಗೆ ನಡೆದಿರುವಾಗ ಬೀರಲಿಂಗ ತಲೆಯ ಮೇಲೆ ಪುಟ್ಟಿ ಹೊತ್ತು ಏಣಿಯ ಬುಡಕ್ಕೆ ಬಂದು ನಿಂತ. ಅವನ ತಲೆಯ ಮೇಲೆ ಸಿಂಬಿಯೂ ಇರಲಿಲ್ಲ, ಮಣ್ಣು ಕಿವಿಯ ಮೇಲೆ ಸುರಿಯುತ್ತಿತ್ತು. ಬದುಕಿನಲ್ಲಿ ಆ ಮಣ್ಣನ್ನು ಅವನು ಹೊತ್ತದ್ದು ಅದೇ ಮೊದಲು. ಏಣಿಯ ಅರ್ಧ ಹತ್ತಿ ಪುಟ್ಟಿಯನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ಹಿಡಿದ.

ಗ್ಯಾನಮ್ಮ ಅವನನ್ನು ನೋಡಿದಳು. ಬೈಯಬೇಕೆಂದು ಅವಳ ಎದೆಯಲ್ಲಿ ಎಷ್ಟೋ ಮಾತು ತುಂಬಿದ್ದವು. ಕೆಳಗೆ ಮಗು ಚಾಪೆಯ ಮೇಲೆ ಮಲಗಿ ಕೆಮ್ಮುತ್ತಿತ್ತು. ಅವಳು ಬಾಗಿ ಪುಟ್ಟಿ ಇಸಿದುಕೊಂಡು ಸುರಿದು, ಬರಿದು ಮಾಡಿ ತಿರುಗಿ ಕೊಟ್ಟಳು. ಅವನು ಇಳಿದು ಹೋಗಿ ಇನ್ನೊಂದು ತಂದ. ಮಾಳಿಗೆ ಮುಗಿಯುವ ತನಕ ಅವನು ಹೊತ್ತು ತಂದ, ಅವಳು ತುಳಿದಳು.

ಮುಂಗಾರಿನ ಮಿರಗದ ಮಳೆ ಮಧ್ಯಾಹ್ನದ ಹೊತ್ತಿಗೆ ಬಂತು. ಗ್ಯಾನಮ್ಮ ಮೊಮ್ಮಕ್ಕಳನ್ನು ಇಟ್ಟುಕೊಂಡು ಆ ಮನೆಯ ನಡುಮನೆಯಲ್ಲಿ ಕೂತಿದ್ದಳು. ಕೈಯಲ್ಲಿ ಎರಡು ಬೋಗುಣಿ ಹಿಡಿದು ಜಂತಿಗಳ ಸಂದಿಯನ್ನೇ ನೋಡುತ್ತಿದ್ದಳು, ಎಲ್ಲಿ ಸೋರಿದರೆ ಅಲ್ಲಿ ಇಡಲೆಂದು. ಮಳೆ ಹೊಡೆಯಿತು, ಹೊಡೆಯಿತು, ಅಂಗಳದಲ್ಲಿ ನೀರು ಹರಿಯಿತು. ಒಳಗೆ ಒಂದು ಹನಿಯೂ ಬೀಳಲಿಲ್ಲ. ಗ್ಯಾನಮ್ಮ ಬೋಗುಣಿ ಕೆಳಗಿಟ್ಟು, ಮಗಳ ಹೆಸರು ಹಿಡಿದು ಕರೆದು ಅತ್ತಳು.